ಮಾವನ ಮೂಗು ಮತ್ತು ಇದ್ದಿಲಿನ ಚಿತ್ರ

ಉಡುಪಿಯಲ್ಲಿ ನಾನು ಪಟಗಳಿಗೆ ಫ್ರೇಮು ಹಾಕುವ ಅಂಗಡಿ ತೆರೆದ ಹೊಸತು, ಐವತ್ತರ ದಶಕದ ಕೊನೆ. ಕಾಪುವಿನ ಒಬ್ಬಳು ಹುಡುಗಿ ಬಂದಳು. ತಾಯಿ ತೀರಿಕೊಂಡಿದ್ದರು, ಒಂದು ಫೋಟೋ ಸಹ ಇರಲಿಲ್ಲ. ಕಾರ್ಕಳದ ಡ್ರಾಯಿಂಗ್ ಮಾಸ್ಟ್ರು ಇದ್ದಿಲಿನಲ್ಲಿ ಬರೆದುಕೊಡಲು ಒಪ್ಪಿದ್ದರು. ಆದರೆ ಹುಡುಗಿಯ ಮನೆಯಲ್ಲಿ ಯಜಮಾನಿಕೆ ಸೋದರಮಾವನದ್ದು. ಅವರು ಹೂಂ ಅನ್ನದೆ ಚಾವಡಿಯ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಮಾತುಕತೆಗೆ ನನ್ನನ್ನು ಕರೆದುಕೊಂಡು ಹೋದಳು.

ತಂಗಿಗೆ ಇದ್ದದ್ದು ನನ್ನದೇ ಮೂಗು ಎಂದರು ಮಾವ. ಅಲ್ಲ, ಅಕ್ಕನದ್ದು ನನ್ನ ಮೂಗು ಎಂದರು ಚಿಕ್ಕಮ್ಮ. ಇಂಥ ಕಡೆ ಮೊದಲು ಮೂಗು ತೀರ್ಮಾನ ಮಾಡಿಬಿಡಬೇಕು, ಉಳಿದದ್ದು ತಾನೇ ಸಡಿಲವಾಗುತ್ತದೆ. ಮೂಗು ಮಾವನಿಗೆ, ಗಲ್ಲ ಮತ್ತು ಹುಬ್ಬು ಚಿಕ್ಕಮ್ಮನಿಗೆ ಎಂದು ಕುದುರಿಸಿದೆ. ಚಿಕ್ಕಮ್ಮ ಒಂದು ಕಿವಿ ಹೆಚ್ಚಿಗೆ ಕೇಳಿ ಪಡೆದರು.

ಮಾಸ್ಟ್ರು ಅವರ ಚಾವಡಿಯಲ್ಲೇ ಕೂತು ಹಾಗೆಯೇ ಬರೆದರು. ಸೀರೆ ಉಟ್ಟ ಹೆಡ್ ಕಾನ್‌ಸ್ಟೇಬಲನ ಹಾಗೆ ಬಂತು.

ಹುಡುಗಿ ಮೆಲ್ಲನೆ ನನ್ನನ್ನು ಕೇಳಿದಳು, "ಇವರು ಯಾರು, ಅಣ್ಣಾ?"

ಮಾಸ್ಟ್ರು ಸಿಟ್ಟಿನಲ್ಲಿ ಚಿತ್ರದ ಇಡೀ ಮುಖವನ್ನು ಬಟ್ಟೆಯಿಂದ ಒರೆಸಿಬಿಟ್ಟರು. ಕಾಗದವೆಲ್ಲ ಹೊಗೆ ಹೊಗೆ. ಅದನ್ನೇ ಸ್ವಲ್ಪ ಹೊತ್ತು ನೋಡಿ, ಅಮ್ಮ ಹೆಚ್ಚಾಗಿ ಎಲ್ಲಿರುತ್ತಿದ್ದರು ಎಂದು ವಿಚಾರಿಸಿದರು. ಒಲೆಯ ಮುಂದೆ ಎಂದಳು. ಬ್ರೆಡ್ಡಿನ ತಿರುಳನ್ನು ರಬ್ಬರಿನ ಹಾಗೆ ಉಂಡೆ ಮಾಡಿ, ಮಸಿಯನ್ನು ಒತ್ತಿ ಒತ್ತಿ ಎತ್ತತೊಡಗಿದರು. ಬಾಗಿದ ಬೆನ್ನು ಬೆಳಕಾಯಿತು, ಆಮೇಲೆ ಮುಂಗೈ, ಕೆನ್ನೆಯ ಒಂದು ಅಂಚು. ತುರುಬಿನಲ್ಲಿ ಮಾತ್ರ ಇದ್ದಿಲನ್ನು ಊರಿದರು. ಬೆಂಕಿ ಊದುವ ಹೆಂಗಸು; ಮುಖ ಹೊಗೆಯೊಳಗೆ.

"ಇನ್ನು ಮುಟ್ಟಬೇಡಿ ಮಾಸ್ಟ್ರೇ. ಕರೆದರೆ ಅಮ್ಮ ಇಷ್ಟೇ ತಿರುಗುವುದು," ಎಂದಳು ಹುಡುಗಿ.

ಮಾವ ಹತ್ತಿರ ಬಂದು ಬಗ್ಗಿ ಹುಡುಕಿದರು.

"ಅದೆಲ್ಲ ಸರಿ. ನನ್ನ ಮೂಗು ಎಲ್ಲಿ ಉಂಟು ಮಾರಾಯ?"

ಮೂಗಿಲ್ಲದೆ ಮೊಳೆ ಇಲ್ಲ ಎಂದು ಕೂತರು. ಹುಡುಗಿಯ ಕಣ್ಣು ತುಂಬಿತು. ಗಾಜು ಹಾಕಿದ ಮೇಲೆ ನೋಡಿ ಎಂದು ಒಂದು ವಾಯಿದೆ ಪಡೆದೆ.

ಇದ್ದಿಲಿನ ಚಿತ್ರಕ್ಕೆ ಗಾಜು ತಾಗಬಾರದು, ಮಸಿ ಅದಕ್ಕೇ ಅಂಟಿಕೊಳ್ಳುತ್ತದೆ. ನಡುವೆ ಮರದ ಪಟ್ಟಿ ಕೊಡಬೇಕು. ಬಾಗಿಲಿಗೆ ಎದುರಾಗಿ ತೂಗುಹಾಕಲೂಬಾರದು. ಕಪ್ಪು ಚಿತ್ರದ ಮೇಲಿನ ಗಾಜು ಕನ್ನಡಿಯಾಗುತ್ತದೆ. ಗಿರಾಕಿಗಳಿಗೆಲ್ಲ ಹೀಗೆ ಹೇಳುವ ನಾನು, ಫ್ರೇಮು ಹಾಕಿ ತಂದ ದಿನ, ಅವರ ಚಾವಡಿಯಲ್ಲಿ ಪಟವನ್ನು ಬಾಗಿಲಿಗೆ ಎದುರಾಗಿಯೇ ಹಿಡಿದು ನಿಂತೆ.

ಮಾವ ನೋಡಿದರು. ಮುಖವನ್ನು ಕೊಂಚ ಓರೆ ಮಾಡಿ ಮತ್ತೆ ನೋಡಿದರು.

"ಹಾಂ, ಈಗ ಬಂತು," ಎಂದರು.

ಚಿಕ್ಕಮ್ಮ ಅವರನ್ನು ಸರಿಸಿ ತಾವು ನಿಂತರು. ಗಲ್ಲ ಸರಿಯಾಗಿದೆ, ಮೂಗೂ ನನ್ನದೇ ಎಂದು ಗೊಣಗಿದರು. ಮಾವ ಮೊಳೆ ತರಲು ಒಳಗೆ ಹೋಗಿದ್ದರು, ಕೇಳಿಸಲಿಲ್ಲ.

ಹುಡುಗಿ ಪಕ್ಕಕ್ಕೆ ಸರಿದು, ಗಾಜಿನಲ್ಲಿ ಯಾರೂ ಕಾಣದ ಜಾಗ ಹುಡುಕಿ, ಅಲ್ಲಿಂದ ಅಮ್ಮನನ್ನು ನೋಡುತ್ತ ನಿಂತಳು.