ಉಣ್ಣುವ ಹೊತ್ತಿನ ಸೈರನ್

ನಮ್ಮೂರ ಸುಣ್ಣದ ಕಲ್ಲಿನ ಗಣಿ ಒಂದು ವಿದೇಶಿ ಕಂಪನಿಯದು. ಸೇಡಂ ಕಡೆ ಇದೇನೂ ಹೊಸದಲ್ಲ. ಇಲ್ಲಿ ತಪ್ಪು ನಡೆದರೆ ಅಲ್ಲಿಯ ಮೂಲ ಕಂಪನಿಯೂ ಉತ್ತರ ಕೊಡಬೇಕೆಂದು ಆ ದೇಶದಲ್ಲಿ ಕಾನೂನು ಬಂದದ್ದು ಹೊಸದು. ಲಾಭ ಹೋಗುವ ದಾರಿಯಲ್ಲೇ ಹೊಣೆಯೂ ಹೋಗಬೇಕಲ್ಲವೇ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಇದನ್ನೇ ವಾದಿಸಿ ಗೆದ್ದಿದ್ದೆ. ಆದರೂ ನಮ್ಮೂರವರ ದೂರಿನ ಮೇಲೆ ಮೂಲ ಕಂಪನಿಯವರೇ ವಿಚಾರಣೆಗೆ ಬರುತ್ತಾರೆ ಎಂದಾಗ ನಂಬಿಕೆ ಹುಟ್ಟಲಿಲ್ಲ. ತಮ್ಮ ತಪ್ಪನ್ನು ತಾವೇ ಹುಡುಕುವವರು ಏನು ಕಂಡಾರು?

ದೊಡ್ಡವ್ವನ ಮಣ್ಣಿನ ಮನೆ ಬಿರುಕು ಬಿಟ್ಟಿತ್ತು. ಗಣಿಯ ಸ್ಫೋಟದಿಂದ ಎಂದು ನಾವು. ಮನೆಯೇ ಹಳೆಯದು ಎಂದು ಇಲ್ಲಿಯ ಕಂಪನಿ. ಅವಳು ಆ ಮನೆಯಲ್ಲಿ ಉಳಿಯುವಳೋ ಬಿಡುವಳೋ ಎಂಬುದು ಈ ಭೇಟಿಯ ಮೇಲೆ ನಿಂತಿತ್ತು. ಬಂದ ಅಧಿಕಾರಿ ಒಬ್ಬ ಹೆಂಗಸು, ಜೊತೆಗೊಬ್ಬ ದುಭಾಷಿ. ಸ್ಫೋಟದಿಂದ ತೊಂದರೆ ಇದೆಯೇ ಎಂದು ಬಾಗಿಲಲ್ಲೇ ಕೇಳಿದರು.

"ಏನೂ ತ್ರಾಸ ಇಲ್ರಿ, ಒಳಗ ಬರ್ರಿ," ಎಂದಳು ದೊಡ್ಡವ್ವ. ದುಭಾಷಿ ಅದನ್ನೇ ಬರೆದುಕೊಂಡ.

ಕೇಸನ್ನು ನೀನೇ ಮುಗಿಸಿದೆ ಎಂದು ಒಲೆಯ ಹತ್ತಿರ ಹೋಗಿ ಜಗಳಕ್ಕೆ ನಿಂತೆ.

"ಮನೀಗಿ ಬಂದವ್ರಿಗಿ ನೀರ ಕೊಡೋಕ್ಕಿಂತ ಮೊದಲ ನಮ್ಮ ಗೋಳ ಹೇಳ್ತಾರೇನೋ? ಉಣ್ಲಿ, ಆಮ್ಯಾಲ ಹೇಳ್ತೀನಿ. ನೀ ಭಾಷಣ ಬಿಟ್ಟು ರೊಟ್ಟಿ ಒಯ್ದು ಹಾಕು."

ಉಂಡವರು ನೇರ ಜೀಪು ಹತ್ತುತ್ತಾರೆ ಎಂದು ಗೊಣಗುತ್ತಲೇ ಬಡಿಸಿದೆ. ಎಲ್ಲರೂ ಉಣ್ಣುತ್ತಿದ್ದಾಗ ಗಣಿಯ ಸೈರನ್ ಕೂಗಿತು. ದಿನದ ರೂಢಿಯಂತೆ ನಾವು ತಾಟು ಹಿಡಿದು ಅಂಗಳಕ್ಕೆ ನಡೆದೆವು. ಓಣಿಯ ತುಂಬ ಜನ ಹಾಗೆಯೇ ತಾಟು ಹಿಡಿದು ನಿಂತಿದ್ದರು. ಅತಿಥಿಗಳು ಮಾತ್ರ ಒಳಗೇ ಕುಳಿತಿದ್ದರು.

ದೊಡ್ಡವ್ವ ಮಜ್ಜಿಗೆ ಬೇಕೇನು ಎನ್ನುವ ದನಿಯಲ್ಲೇ ಕರೆದಳು: "ಹೊರಗ ಬರ್ರಿ ಅಕ್ಕೋರೇ, ತಲಿ ಮ್ಯಾಲ ಮಣ್ಣ ಬೀಳ್ತದ."

ಅವರು ಹೊಸ್ತಿಲು ದಾಟುವಷ್ಟರಲ್ಲಿ ನೆಲ ನಡುಗಿತು. ಬಿಟ್ಟು ಬಂದ ತಾಟಿನಲ್ಲಿ, ಪಲ್ಯದ ಮೇಲೆ, ಮಾಳಿಗೆಯ ಮಣ್ಣು. ದಿನಾಲೂ ಹೀಗೆ ಆಗುತ್ತದೆಯೇ ಎಂದು ಆ ಅಧಿಕಾರಿ ಕೇಳಿದಾಗ ಓಣಿಯೇ ಬಾಯಿ ಬಿಟ್ಟಿತು. ಬಾಗಿಲಲ್ಲಿ ಹೇಳಿದ ಮಾತನ್ನು ತೆಗೆದು ಈಗ ಕಂಡದ್ದನ್ನು ಬರೆಯಿರಿ ಎಂದು ನಾನು ಪಟ್ಟು ಹಿಡಿದೆ. ಆಕೆ ವಾದಿಸಲಿಲ್ಲ, ಬರೆಸಿ, ಓದಿಸಿ ಕೇಳಿಸಿದರು.

ಮುಂದೆ ಸ್ಫೋಟದ ಜಾಗ ಊರಿಂದ ದೂರ ಸರಿಯಿತು. ದೊಡ್ಡವ್ವನ ಮನೆಯ ಗೋಡೆಯನ್ನೂ ಕಂಪನಿಯೇ ಕಟ್ಟಿಸಿತು. ಅದು ಮನಸ್ಸಾಕ್ಷಿಯೋ ಕೋರ್ಟಿನ ಭಯವೋ ಎಂದು ಗೆಳೆಯರು ಕೆಣಕುತ್ತಾರೆ. ಭಯವೇ ಇರಲಿ. ಎಂದೂ ನೋಡದ ನಮಗಾಗಿ ಆ ಭಯವನ್ನು ಕಾನೂನಾಗಿ ಬರೆದ ದೂರದ ಜನಕ್ಕೆ ನಾನು ಋಣಿ. ಕಂಡದ್ದನ್ನು ಮುಚ್ಚಿಡದ ಆ ಅಧಿಕಾರಿಗೂ. ಎಲ್ಲರಿಗಿಂತ ಹೆಚ್ಚು, ಅವರನ್ನು ಊಟಕ್ಕೆ ಕೂರಿಸಿದವಳಿಗೆ.

ಕಂಪನಿಗೆ ಮಾತ್ರ ಕೈ ಮುಗಿಯಬೇಡ, ನಿನ್ನದನ್ನೇ ನಿನಗೆ ಕೊಟ್ಟಿದ್ದಾರೆ ಎಂದು ದೊಡ್ಡವ್ವನಿಗೆ ಹೇಳಿದೆ. ಅವಳು ಹೊಸ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು.

"ಕೈ ಯಾರು ಮುಗಿದಾರೋ? ಆ ಹೆಣ್ಮಗಳು ಅರ್ಧ ಊಟದಾಗ ಎದ್ದಾಳ. ಮತ್ತ ಬಾ ಅಂತ ಬರಿ ಆಕಿಗಿ."