ತವರಿಗೊಂದು ಬಾಗಿನ

ಇವತ್ತು ಗಾಂಧಿ ಬಜಾರಿನಲ್ಲಿ ಗೌರಿ ಹಬ್ಬಕ್ಕೆಂದು ಮೊರ ಕೊಳ್ಳಲು ನಿಂತಿದ್ದೆ. ಹೊಸ ಬಿದಿರಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಅಂಗಡಿಯವ "ಎಷ್ಟು ಜೊತೆ ಕೊಡ್ಲಿ ಅಮ್ಮಾ?" ಎಂದರೆ ಮೊರವನ್ನು ಮೂಗಿನ ಹತ್ತಿರವೇ ಹಿಡಿದುಕೊಂಡು ನಿಂತುಬಿಟ್ಟೆ. ನನಗೆ ಬಾಗಿನ ಕಳಿಸುತ್ತಿದ್ದ ಅಣ್ಣ ಈ ಬೇಸಿಗೆಯಲ್ಲಿ ತೀರಿಕೊಂಡ. ಆದರೆ ಮೊರ ಹಿಡಿದು ನಿಂತವಳಿಗೆ ನೆನಪಾದದ್ದು ಅಣ್ಣನಲ್ಲ, ನಮ್ಮತ್ತೆ.

ಅತ್ತೆಯ ತವರು ಶರಾವತಿಯ ದಂಡೆಯ ಮೇಲಿತ್ತು. ಭದ್ರಾವತಿಯ ಓಲ್ಡ್ ಟೌನಿಗೆ ಸೊಸೆಯಾಗಿ ಬಂದು ಮುದುಕಿಯಾದರೂ ಭದ್ರೆಯನ್ನು ಅವರು ಹೊಳೆಯೆಂದು ಒಪ್ಪಿದವರಲ್ಲ. "ನಮ್ಮ ಹೊಳೆ ಮುಂದೆ ಇದು ಕಾಲುವೆ" ಎನ್ನುವರು. ಅವರು ಮಡಿಯಲ್ಲಿ ಅದೇ ಕಾಲುವೆಯ ನೀರು ತರುವಾಗ ನನಗೆ ನಗು ಬರುತ್ತಿತ್ತು, ಹೊರಗೆ ನಗುವ ಧೈರ್ಯವಿರಲಿಲ್ಲ. ಆಮೇಲೆ ಶರಾವತಿಗೆ ಅಣೆಕಟ್ಟು ಬಂತು. ಮನೆ, ಬಾವಿ, ತುಳಸಿಕಟ್ಟೆ ಎಲ್ಲ ಮುಳುಗಿ, ತಮ್ಮಂದಿರು ದಿಕ್ಕಿಗೊಬ್ಬರಾದರು. ಆ ವರ್ಷದ ಗೌರಿಗೆ ಬಾಗಿನ ಬರಲಿಲ್ಲ. ಅತ್ತೆ ಸಂಜೆಯವರೆಗೆ ಬೀದಿ ಬಾಗಿಲು ಹಾಕಗೊಡಲಿಲ್ಲ, ಅಷ್ಟೆ.

ದಸರಾ ರಜ ಬಂದಾಗ ಮೊಮ್ಮಕ್ಕಳಿಗೆ ಜೋಗ ತೋರಿಸಬೇಕೆಂದು ಹಟ ಹಿಡಿದವರು ಅವರೇ. ಬಸ್ಸಿನಲ್ಲಿ ಒಂದು ಬಟ್ಟೆ ಚೀಲವನ್ನು ಮಡಿಲಿನಿಂದ ಇಳಿಸಲೇ ಇಲ್ಲ.

"ಏನೇ ಮಾರಾಯ್ತಿ, ತವರಿಗೆ ಹೊರಟೋಳ ಹಾಗೆ ಗಂಟು ಹಿಡ್ಕೊಂಡಿದೀಯಲ್ಲ!" ಎಂದು ಮಾವನವರು ರೇಗಿಸಿದರು. ಅತ್ತೆ ಕಿಟಕಿಯ ಕಡೆ ತಿರುಗಿದರು. ನನಗೋ, ಪುಳಿಯೋಗರೆ ಹಳಸದಿರಲಿ, ಮಗ ವಾಂತಿ ಮಾಡದಿರಲಿ ಎಂಬುದೇ ಪ್ರಾರ್ಥನೆ. ದೇವರು ಎರಡನ್ನೂ ನಡೆಸಿಕೊಟ್ಟ. ದೊಡ್ಡದನ್ನು ಕೇಳಲು ನನಗೆ ಯಾವತ್ತೂ ಸಂಕೋಚ.

ಜೋಗದಲ್ಲಿ ಕಂಡದ್ದು ಕಪ್ಪು ಬಂಡೆ, ಅದರ ಮೇಲೆ ನಾಲ್ಕು ಬಿಳಿ ಎಳೆ. ಮಗಳು ಶಾರದೆಯ ಮುಖ ಸಪ್ಪಗಾಯಿತು.

"ಅಜ್ಜೀ, ನಿನ್ನ ಹೊಳೆ ಇಷ್ಟೇನಾ?"

"ಇಷ್ಟೇ ಅಲ್ಲ ಪುಟ್ಟಿ. ಮಿಕ್ಕಿದ್ದು ನಮ್ಮನೆ ಮೇಲೆ ನಿಂತಿದೆ."

ಹೊಳೆ ಧುಮುಕುವ ಮೊದಲು ಬಂಡೆಗಳ ನಡುವೆ ಹರಿಯುವ ಕಡೆಗೆ ಅತ್ತೆಯೇ ನಮ್ಮನ್ನು ಕರೆದೊಯ್ದರು. ಚೀಲ ಬಿಚ್ಚಿದರು. ಒಳಗೆ ಜೊತೆ ಮೊರ, ಅದರಲ್ಲಿ ಅರಿಸಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ.

"ಇಷ್ಟು ವರ್ಷ ತವರಿಂದ ನಂಗೆ ಬಂತು. ಈ ಸಲ ನಾನೇ ಕಳಿಸ್ತೀನಿ. ಹೊಳೆ ತಗೊಂಡು ಹೋಗ್ಲಿ."

ಶಾರದೆ ನೀರನ್ನೇ ನೋಡುತ್ತಿದ್ದಳು. "ಅಜ್ಜೀ, ನೀರು ಅತ್ಲಾಗೆ ಸಮುದ್ರಕ್ಕೆ ಹೋಗುತ್ತೆ. ನಿನ್ನ ಮನೆ ಹಿಂದ್ಗಡೆ ಅಲ್ವಾ? ಮೊರ ಹಿಂದಕ್ಕೆ ಹೆಂಗೆ ಹೋಗುತ್ತೆ?"

ಅತ್ತೆ ಮೊರವನ್ನು ಮತ್ತೆ ಚೀಲದೊಳಗೆ ಇಟ್ಟರು.

"ಹೌದಲ್ಲೇ... ಈ ಹೊಳೇಲೇ ಈಜಿ ಬೆಳೆದೋಳು, ಅದೊಂದು ಮರ್ತೇ ಬಿಟ್ನಲ್ಲ."

ಮಾವನವರು ಬಗ್ಗಿ ಚೀಲವನ್ನು ತಾವೇ ಕಟ್ಟಿದರು. "ಬರೋ ವರ್ಷ ಹಿನ್ನೀರಿಗೇ ಕರ್ಕೊಂಡು ಹೋಗ್ತೀನಿ, ಬಾ."

"ಹ್ಞೂಂ. ಸದ್ಯ, ಬಳೆ ಒಡೀಲಿಲ್ಲ" ಎಂದರು ಅತ್ತೆ.

ಮುಂದಿನ ಗೌರಿಗೆ ಅತ್ತೆಯೇ ಇರಲಿಲ್ಲ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು ಬೀದಿಯವರು. ನಾನೂ ಹಾಗೇ ಅಂದುಕೊಂಡೆ. ಅಟ್ಟದ ಮೇಲಿಟ್ಟ ಆ ಮೊರಕ್ಕೆ ಗೆದ್ದಲು ಹಿಡಿಯಿತು. ತವರಿಲ್ಲದ ಹಬ್ಬ ಹೇಗಿರುತ್ತದೆಂದು ಆಗ ನನಗೆಲ್ಲಿ ಗೊತ್ತಿತ್ತು?

"ಅಮ್ಮಾ, ಒಂದು ಜೊತೆ ಸಾಕಾ?" ಅಂಗಡಿಯವ ಮತ್ತೆ ಕೇಳಿದ. ಮದುವೆಯಾಗಿ ಹೋದ ಶಾರದೆಗೆ ಕೊಡಲು ಒಂದು ಸಾಕಿತ್ತು.

"ಎರಡು ಕೊಡಪ್ಪ" ಎಂದೆ.

ಹಬ್ಬ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಬಸ್ಸು ಹತ್ತುತ್ತೇನೆ. ಜೋಗದವರೆಗೆ ಹೋಗುವುದಿಲ್ಲ. ಅದಕ್ಕೂ ಮೊದಲೇ, ನೀರು ನಿಂತಿರುವಲ್ಲಿ ಇಳಿಯುತ್ತೇವೆ.