ಸೀಟಿಗೆ ಓಗೊಡದವಳು

ಜನವರಿಯ ಒಂದು ಭಾನುವಾರ, ಬೆಳಗ್ಗೆ ಏಳು. ಕೊಡಚಾದ್ರಿಗೆ ಹೊರಟವರು ನಾನು, ಹೆಂಡತಿ ಸುಶೀಲ, ಅವಳ ತಮ್ಮ ಶ್ರೀಪಾದ. ಮೂವರ ಹಾಜರಿ ತೆಗೆದುಕೊಂಡೆ. ನಗಬೇಡಿ. ಆಯುಷ್ಯವೆಲ್ಲ ಡ್ರಿಲ್ ಮೇಷ್ಟ್ರಾಗಿದ್ದವನ ಕೊರಳಲ್ಲಿ ನಿವೃತ್ತಿಯ ನಂತರವೂ ಸೀಟಿ ಉಳಿದುಬಿಡುತ್ತದೆ, ಕೆಲವರಲ್ಲಿ ಹಳೇ ಕೆಮ್ಮು ಉಳಿದ ಹಾಗೆ.

ನನ್ನ ನಿಯಮಗಳು ಸರಳ. ಸಾಲು ಬಿಡಬಾರದು, ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಬಳಿಗೆ ಬರಬೇಕು, ಕಾಲಿಗೆ ಬೂಟು ಬೇಕು. ಸುಶೀಲ ಹವಾಯಿ ಚಪ್ಪಲಿ ಹಾಕಿಕೊಂಡೇ ಜೀಪು ಹತ್ತಿದಳು.

ಜೀಪು ಇಳಿದು ತುದಿಯ ಮಂಟಪದವರೆಗೆ ನಡೆದದ್ದು ಸುಲಭ. ಅಲ್ಲಿಂದ ಚಿತ್ರಮೂಲದ ಗುಹೆಗೆ ಇಳಿದು ಮರಳಿ ಹತ್ತುವಾಗ ಬೆಟ್ಟ ತನ್ನ ಬುದ್ಧಿ ತೋರಿಸಿತು. ಬೇರು ಹಿಡಿದು, ಬಂಡೆ ತಬ್ಬಿ ಏರಬೇಕು. ಊರ ಮಕ್ಕಳಿಗೆಲ್ಲ ಬೆನ್ನು ನೆಟ್ಟಗಿಡಲು ಹೇಳಿಕೊಟ್ಟವನು ನಾಲ್ಕು ಕಾಲಿನ ಪ್ರಾಣಿಯಾಗಿದ್ದೆ.

ಶ್ರೀಪಾದ ಕರೀ ಕಲ್ಲೊಂದನ್ನು ತಟ್ಟಿ, "ಭಾವ, ಇದೆಲ್ಲ ಜ್ವಾಲಾಮುಖಿ ಉಗುಳಿದ ಕಲ್ಲಂತೆ" ಎಂದ.

"ಆರಿದೆಯಾ ಇಲ್ವಾ, ಅದನ್ನ ಕೇಳು ಮಾರಾಯ."

"ಅಕ್ಕನ್ನೇ ಸುಧಾರಿಸಿದೀರಿ, ಇದ್ಯಾವ ಲೆಕ್ಕ!"

ನಗುತ್ತ ಬೂಟಿನ ಲೇಸು ಬಿಗಿಯಲು ಕೂತೆ. ಅಷ್ಟರಲ್ಲಿ ಕಣಿವೆಯಿಂದ ಮಂಜು ಏರಿಬಂತು. ಮುಂದೆ ಹತ್ತುತ್ತಿದ್ದ ಸುಶೀಲ ಕಾಣಲಿಲ್ಲ. ದಾರಿಯ ಒಂದು ಬದಿ ಪ್ರಪಾತ. ಎರಡು ಸೀಟಿ ಊದಿದೆ. ಉತ್ತರವಿಲ್ಲ. ಮತ್ತೆ ಊದಿದೆ. ಆ ಸವೆದ ಹವಾಯಿ ಚಪ್ಪಲಿಯೊಂದೇ ಕಣ್ಣೆದುರು ಬರತೊಡಗಿತು. ಬಾಯಿ ಒಣಗಿ, ಸೀಟಿಯಿಂದ ಬರೀ ಗಾಳಿ ಬಂತು.

ಆಗ ನನ್ನ ಯಾವ ನಿಯಮದಲ್ಲೂ ಇಲ್ಲದ "ಕೂ..." ಗಂಟಲಿನಿಂದ ಹೊರಬಿತ್ತು. ನಮ್ಮ ಕಡೆ ಸೊಪ್ಪಿಗೆಂದು ಕಾಡಿಗೆ ಹೋದವರು ಒಬ್ಬರನ್ನೊಬ್ಬರು ಹುಡುಕುತ್ತಿದ್ದದ್ದು ಹೀಗೆ. ಒಬ್ಬರು ಕೂ ಹಾಕಿದರೆ ಇನ್ನೊಬ್ಬರು ಕೂ ಹಾಕಲೇಬೇಕು, ಮಾತು ಬಿಟ್ಟವರಾದರೂ.

"ಕೂ..." ತಲೆಯ ಮೇಲಿಂದಲೇ ಬಂತು, ಒಂದು ಬಂಡೆಯಾಚೆಯಿಂದ.

ಬೇರು ಹಿಡಿದು ಹತ್ತಿ ನೋಡಿದರೆ, ಚಪ್ಪಲಿ ಪಕ್ಕಕ್ಕಿಟ್ಟು ಬರಿಗಾಲಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ!

"ಸೀಟಿ ಕೇಳ್ಲಿಲ್ವಾ?"

"ಕೇಳ್ತು. ಸೀಟಿಗೆ ಓಡಿ ಬರಕ್ಕೆ ನಾನೆಂತ ನಿಮ್ಮ ಐದನೇ ಕ್ಲಾಸಾ?"

"ಕೂ ಅಂದಿದ್ದಕ್ಕೆ?"

"ಅದಕ್ಕೆ ಸುಮ್ನಿದ್ರೆ ಪಾಪ ಬರತ್ತೆ. ತಗಳ್ಳಿ, ಹಣ್ಣು ತಿನ್ನಿ."

ಅಂಥ ಸಿಹಿ ಕಿತ್ತಳೆ ನಾನು ತಿಂದಿಲ್ಲ.

ಸಂಜೆ ಮನೆಗೆ ಬಂದು ಕ್ರಮದಂತೆ ಬೂಟು ಒರೆಸಿದೆ. ಅವಳ ಚಪ್ಪಲಿಯನ್ನೂ ತೊಳೆದಿಟ್ಟೆ. ಸೀಟಿಯನ್ನು ಮೊಳೆಗೆ ತೂಗುಹಾಕುತ್ತಿದ್ದಾಗ ಅಡುಗೆಮನೆಯಿಂದ "ಕೂ..." ಕೇಳಿಸಿತು. ನನ್ನ ನಿಯಮದ ಊಟದ ವೇಳೆಗೆ ಇನ್ನೂ ಅರ್ಧ ಗಂಟೆ ಇತ್ತು. ನಾನೂ ಕೂ ಹಾಕಿ, ಓಡಿಹೋಗಿ ತಟ್ಟೆ ಇಟ್ಟೆ.